ಮೊದಲ ದಿನದ ಬಸ್ಕಿಗೆ ತೊಡೆ ನಡುಗುವುದೇಕೆ? ಸ್ನಾಯುವಿನೊಳಗಿನ ಗುಟ್ಟು ಬಿಡಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಬದುಕಿನ ಕಥೆ

ಮಣಿಕೊಂಡ (ಹೈದರಾಬಾದ್): ಗಚ್ಚಿಬೌಲಿಯ ಐಟಿ ಕಚೇರಿಗಳಿಗೆ ಹತ್ತಿರದಲ್ಲೇ ಇರುವ ಮಣಿಕೊಂಡದಂತಹ ಬಡಾವಣೆಗಳಲ್ಲಿ ಈಗ ಜಿಮ್‌ಗಳಿಗೆ ಬರವಿಲ್ಲ. ದಿನವಿಡೀ ಕುರ್ಚಿಯಲ್ಲಿ ಕುಳಿತು ದುಡಿಯುವವರು ಒಂದು ದಿನ ಮನಸ್ಸು ಮಾಡಿ ಜಿಮ್ ಸೇರುತ್ತಾರೆ. ಮೊದಲ ಹತ್ತು ಬಸ್ಕಿ ಸಲೀಸಾಗಿ ಆಗುತ್ತದೆ. ಆಮೇಲೆ ತೊಡೆ ನಡುಗುತ್ತದೆ, ಉಸಿರು ಏರುತ್ತದೆ, ಇನ್ನೊಂದು ಹೊಡೆಯೋಣವೆಂದರೂ ಕಾಲು ಮೇಲೇಳುವುದಿಲ್ಲ. ಎರಡು ನಿಮಿಷ ಕುಳಿತರೆ ಮತ್ತೆ ಶಕ್ತಿ ಬಂದಂತಾಗುತ್ತದೆ. ಮಾರನೆಯ ದಿನ ಮಾತ್ರ ಮೆಟ್ಟಿಲು ಇಳಿಯುವುದೇ ಕಷ್ಟ.

ಆ ಕೆಲವು ಸೆಕೆಂಡುಗಳಲ್ಲಿ ಸ್ನಾಯುವಿನ ಜೀವಕೋಶದೊಳಗೆ ಖರ್ಚಾಗುವುದೇನು? ಕುಳಿತಾಗ ಮತ್ತೆ ತುಂಬಿಕೊಳ್ಳುವುದೇನು? ಸುಮಾರು ನೂರು ವರ್ಷಗಳ ಹಿಂದೆ ಈ ಪ್ರಶ್ನೆಗೆ ಉತ್ತರದ ಮುಖ್ಯ ಭಾಗವನ್ನು ಕಂಡುಹಿಡಿದವರಲ್ಲಿ ಒಬ್ಬರು ಗೋದಾವರಿ ಸೀಮೆಯ ತೆಲುಗು ಕುಟುಂಬದಲ್ಲಿ ಹುಟ್ಟಿದ ಡಾ. ಯಲ್ಲಾಪ್ರಗಡ ಸುಬ್ಬರಾವ್. ಮೆಟ್ರಿಕ್ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣರಾಗಿದ್ದ ಹುಡುಗ ಹಾರ್ವರ್ಡ್ ಪ್ರಯೋಗಾಲಯದಲ್ಲಿ ಸ್ನಾಯುಗಳ ಶಕ್ತಿಯ ಲೆಕ್ಕ ಬಿಡಿಸಿದ್ದು, ಆಮೇಲೆ ಲಕ್ಷಾಂತರ ಜನರ ಜೀವ ಉಳಿಸಿದ ಔಷಧಗಳ ಹಿಂದೆ ನಿಂತದ್ದು ಹೇಗೆ? ಇಲ್ಲಿದೆ ಅವರ ಬದುಕಿನ ವಿವರ.

ಮನೆ ಬಿಟ್ಟು ಕಾಶಿಗೆ ಹೊರಟಿದ್ದ ಹುಡುಗ

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಆಗ ಮದರಾಸು ಪ್ರಾಂತ್ಯದಲ್ಲಿದ್ದ ಭೀಮಾವರಂನಲ್ಲಿ. ಅದು ಇಂದು ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಗೆ ಸೇರಿದೆ. ತಂದೆ ಜಗನ್ನಾಥಂ ಕಂದಾಯ ಇಲಾಖೆಯಲ್ಲಿದ್ದರು. ಅನಾರೋಗ್ಯದಿಂದ ಅವಧಿಗೆ ಮುನ್ನವೇ ಕೆಲಸ ಬಿಡಬೇಕಾಯಿತು. ಮನೆ ತುಂಬ ಮಕ್ಕಳು, ಸಂಪಾದನೆ ಕಡಿಮೆ. ಸಂಸಾರದ ಭಾರವೆಲ್ಲ ತಾಯಿ ವೆಂಕಮ್ಮ ಅವರ ಹೆಗಲಿಗೆ ಬಿತ್ತು.

ಹುಡುಗನಿಗೆ ಓದಿನಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. 13ನೇ ವಯಸ್ಸಿನಲ್ಲಿ, ಕಾಶಿಯಲ್ಲಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಮಾಡಬಹುದೆಂದು ಮನೆ ಬಿಟ್ಟು ಹೊರಟಿದ್ದರು ಎಂಬ ಸಂಗತಿ ಅವರ ಜೀವನಚರಿತ್ರೆಯಲ್ಲಿ ಬರುತ್ತದೆ. ದಾರಿಯಲ್ಲೇ ಹಿಡಿದು ತಂದು ಮತ್ತೆ ಶಾಲೆಗೆ ಕೂರಿಸಿದರು. ಕೊನೆಗೆ ಮದರಾಸಿನ ಹಿಂದೂ ಹೈಸ್ಕೂಲಿನಿಂದ ಮೂರನೇ ಪ್ರಯತ್ನದಲ್ಲಿ ಮೆಟ್ರಿಕ್ ಪಾಸಾಯಿತು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಓದುವಾಗ ರಾಮಕೃಷ್ಣ ಮಠದತ್ತ ಮನಸ್ಸು ವಾಲಿತ್ತು. ಸನ್ಯಾಸಕ್ಕಿಂತ ವೈದ್ಯನಾಗಿ ಜನರ ಸೇವೆ ಮಾಡುವುದು ಲೇಸೆಂಬ ಸಲಹೆ ಸಿಕ್ಕಿದ ಮೇಲೆ ಅವರು ಮದರಾಸು ವೈದ್ಯಕೀಯ ಕಾಲೇಜು ಸೇರಿದರು. ಓದಿನ ಖರ್ಚಿಗೆ ನೆರವಾದವರಲ್ಲಿ ಮುಂದೆ ಅವರ ಮಾವನಾದ ಕಸ್ತೂರಿ ಸೂರ್ಯನಾರಾಯಣ ಮೂರ್ತಿ ಅವರೂ ಇದ್ದರು.

ಖಾದಿ ತೊಟ್ಟಿದ್ದಕ್ಕೆ ಕೈತಪ್ಪಿದ ಪದವಿ

ಅದು ಸ್ವದೇಶಿ ಚಳವಳಿಯ ಕಾಲ. ಗಾಂಧೀಜಿ ಅವರ ಪ್ರಭಾವದಲ್ಲಿದ್ದ ಸುಬ್ಬರಾವ್ ಶಸ್ತ್ರಚಿಕಿತ್ಸೆಯ ತರಗತಿಗೂ ಖಾದಿ ನಿಲುವಂಗಿ ತೊಟ್ಟು ಹೋಗುತ್ತಿದ್ದರು. ಬ್ರಿಟಿಷ್ ಪ್ರಾಧ್ಯಾಪಕರೊಬ್ಬರಿಗೆ ಇದು ಸರಿಬರಲಿಲ್ಲ. ಉಳಿದ ವಿಷಯಗಳಲ್ಲಿ ಚೆನ್ನಾಗಿ ಮಾಡಿದ್ದರೂ ಅವರಿಗೆ ಪೂರ್ಣ ಎಂಬಿಬಿಎಸ್ ಪದವಿ ಸಿಗಲಿಲ್ಲ. ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಪ್ರಮಾಣಪತ್ರಕ್ಕೇ ತೃಪ್ತಿಪಡಬೇಕಾಯಿತು. ಮದರಾಸು ವೈದ್ಯಕೀಯ ಸೇವೆಗೆ ಸೇರುವ ಪ್ರಯತ್ನವೂ ಫಲಿಸಲಿಲ್ಲ. ಆಗ ಅವರು ಡಾ. ಲಕ್ಷ್ಮೀಪತಿ ಅವರ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುವ ಕೆಲಸಕ್ಕೆ ಸೇರಿದರು.

ಇದೇ ವರ್ಷಗಳಲ್ಲಿ ಮನೆಗೆ ದೊಡ್ಡ ಆಘಾತ ಬಡಿಯಿತು. ಕರುಳು ಆಹಾರವನ್ನು ಹೀರಿಕೊಳ್ಳದೆ ದೇಹ ಸೊರಗುವ ಸ್ಪ್ರೂ ಎಂಬ ರೋಗಕ್ಕೆ ಇಬ್ಬರು ಸೋದರರು ಬಲಿಯಾದರು. ಆ ರೋಗಕ್ಕೆ ಆಗ ಮದ್ದಿರಲಿಲ್ಲ. ಮದ್ದು ಹುಡುಕಬೇಕೆಂಬ ಹಟ ಸುಬ್ಬರಾವ್ ಅವರಲ್ಲಿ ಬೇರೂರಿತು.

1919ರಲ್ಲಿ ಶೇಷಗಿರಿ ಅವರೊಂದಿಗೆ ಮದುವೆಯಾಯಿತು. ಮಾವನ ನೆರವು ಮತ್ತು ಕಾಕಿನಾಡದ ಮಲ್ಲಾಡಿ ಸತ್ಯಲಿಂಗ ನಾಯ್ಕರ್ ದತ್ತಿ ಸಂಸ್ಥೆಯ ಬೆಂಬಲದ ಭರವಸೆಯೊಂದಿಗೆ 1920ರ ದಶಕದ ಆರಂಭದಲ್ಲಿ ಅವರು ಅಮೆರಿಕದ ಬಾಸ್ಟನ್‌ಗೆ ಹಡಗು ಹತ್ತಿದರು. ಹೊರಡುವಾಗ ಪತ್ನಿ ಗರ್ಭಿಣಿ. ಕೆಲವೇ ವರ್ಷಗಳಲ್ಲಿ ಹಿಂತಿರುಗುವ ಮಾತಾಗಿತ್ತು. ಹುಟ್ಟಿದ ಗಂಡುಮಗು ಹಸುಗೂಸಾಗಿರುವಾಗಲೇ ತೀರಿಕೊಂಡಿತು. ಸುಬ್ಬರಾವ್ ಮಗನ ಮುಖ ನೋಡಲಿಲ್ಲ. ಮತ್ತೆ ಭಾರತಕ್ಕೂ ಬರಲಿಲ್ಲ.

ರಾತ್ರಿ ಆಸ್ಪತ್ರೆ ಕೆಲಸ, ಹಗಲು ಪ್ರಯೋಗಾಲಯ

ಹಾರ್ವರ್ಡ್‌ನಲ್ಲಿ ಉಷ್ಣವಲಯದ ರೋಗಗಳ ಕುರಿತ ಡಿಪ್ಲೊಮಾಗೆ ಸೇರಿದ ಅವರಿಗೆ ಹೊಟ್ಟೆಪಾಡೇ ದೊಡ್ಡ ಪ್ರಶ್ನೆಯಾಯಿತು. ವೈದ್ಯರಾಗಿದ್ದರೂ ಬಾಸ್ಟನ್‌ನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುವ ರಾತ್ರಿಪಾಳಿ ಕೆಲಸ ಮಾಡಿದರು. ಡಿಪ್ಲೊಮಾ ಮುಗಿದ ಮೇಲೆ ಹಾರ್ವರ್ಡ್ ವೈದ್ಯಕೀಯ ಶಾಲೆಯ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಸೈರಸ್ ಫಿಸ್ಕೆ ಎಂಬ ವಿಜ್ಞಾನಿಯ ಜೊತೆ ಕೆಲಸಕ್ಕೆ ಅವಕಾಶ ಸಿಕ್ಕಿತು.

ಅಲ್ಲಿ ಮೊದಲು ಕೈಗೆತ್ತಿಕೊಂಡದ್ದು ರಕ್ತ, ಮೂತ್ರ ಮತ್ತು ಅಂಗಾಂಶಗಳಲ್ಲಿ ರಂಜಕದ ಪ್ರಮಾಣ ಅಳೆಯುವ ಕೆಲಸ. ಮಾದರಿಗೆ ಮಾಲಿಬ್ಡೇಟ್ ಮತ್ತು ಇನ್ನೊಂದು ರಾಸಾಯನಿಕ ಸೇರಿಸಿದರೆ ದ್ರಾವಣ ನೀಲಿಯಾಗುತ್ತದೆ. ರಂಜಕ ಹೆಚ್ಚಿದ್ದಷ್ಟೂ ನೀಲಿ ಗಾಢ. 1925ರಲ್ಲಿ ಪ್ರಕಟವಾದ ಈ ವಿಧಾನಕ್ಕೆ ಫಿಸ್ಕೆ–ಸುಬ್ಬರಾವ್ ವಿಧಾನ ಎಂದೇ ಹೆಸರು. ಜೀವರಸಾಯನಶಾಸ್ತ್ರ ಓದುವ ವಿದ್ಯಾರ್ಥಿಗಳು ಇಂದಿಗೂ ಪ್ರಯೋಗಾಲಯದಲ್ಲಿ ಇದನ್ನು ಕಲಿಯುತ್ತಾರೆ.

ತಡವಾಗಿ ಬಂದ ನೀಲಿ ಬಣ್ಣ

ಇದೇ ವಿಧಾನವನ್ನು ಸ್ನಾಯುವಿನ ಸಾರದ ಮೇಲೆ ಪ್ರಯೋಗಿಸಿದಾಗ ವಿಚಿತ್ರವೊಂದು ಕಾಣಿಸಿತು. ನೀಲಿ ಬಣ್ಣ ತಕ್ಷಣ ಪೂರ್ತಿ ಬರುತ್ತಿರಲಿಲ್ಲ. ಹೊತ್ತು ಕಳೆದಂತೆ ನಿಧಾನವಾಗಿ ಏರುತ್ತಿತ್ತು. ಬೇರೆಯವರಾಗಿದ್ದರೆ ಅಳತೆಯ ದೋಷವೆಂದು ಬಿಟ್ಟುಬಿಡಬಹುದಿತ್ತು. ಫಿಸ್ಕೆ ಮತ್ತು ಸುಬ್ಬರಾವ್ ಬಿಡಲಿಲ್ಲ. ಸ್ನಾಯುವಿನಲ್ಲಿ ರಂಜಕವನ್ನು ಸಡಿಲವಾಗಿ ಹಿಡಿದಿಟ್ಟುಕೊಂಡ ಯಾವುದೋ ವಸ್ತುವಿದೆ, ಅದು ಆಮ್ಲದಲ್ಲಿ ಸ್ವಲ್ಪಸ್ವಲ್ಪವೇ ಒಡೆದು ರಂಜಕವನ್ನು ಬಿಡುತ್ತಿದೆ ಎಂದು ಅವರು ಗುರುತಿಸಿದರು. ಅದು ಕ್ರಿಯೇಟಿನ್ ಮತ್ತು ಫಾಸ್ಫೇಟ್ ಸೇರಿದ ವಸ್ತುವಾಗಿತ್ತು. ಅದರ ಹೆಸರೇ ಫಾಸ್ಫೋಕ್ರಿಯೇಟಿನ್. 1927ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಅದೇ ಹೊತ್ತಿಗೆ ಬ್ರಿಟನ್‌ನಲ್ಲಿ ಫಿಲಿಪ್ ಮತ್ತು ಗ್ರೇಸ್ ಎಗಲ್‌ಟನ್ ದಂಪತಿ ಕೂಡ ಇದೇ ವಸ್ತುವಿನ ಸುಳಿವು ಹಿಡಿದಿದ್ದರು.

ಬೆಕ್ಕಿನ ಸ್ನಾಯುವಿಗೆ ವಿದ್ಯುತ್ ಪ್ರಚೋದನೆ ಕೊಟ್ಟು ದುಡಿಸಿದಾಗ ಫಾಸ್ಫೋಕ್ರಿಯೇಟಿನ್ ಕಡಿಮೆಯಾಗುತ್ತಿತ್ತು. ವಿಶ್ರಾಂತಿ ಕೊಟ್ಟಾಗ ಮತ್ತೆ ತುಂಬಿಕೊಳ್ಳುತ್ತಿತ್ತು. ದುಡಿಮೆಗೂ ಈ ವಸ್ತುವಿಗೂ ನೇರ ಸಂಬಂಧವಿದೆ ಎಂಬುದು ಖಚಿತವಾಯಿತು.

1929ರಲ್ಲಿ ಇಬ್ಬರೂ ಇನ್ನೊಂದು ವಸ್ತುವನ್ನು ಬೇರ್ಪಡಿಸಿದರು. ಅದೇ ಎಟಿಪಿ, ಅಂದರೆ ಅಡೆನೊಸಿನ್ ಟ್ರೈಫಾಸ್ಫೇಟ್. ಜರ್ಮನಿಯಲ್ಲಿ ಕಾರ್ಲ್ ಲೋಮನ್ ಅದೇ ವರ್ಷ ಸ್ವತಂತ್ರವಾಗಿ ಇದನ್ನು ಕಂಡುಹಿಡಿದರು. ಇಂದು ಪಿಯುಸಿ ಓದುವ ಮಕ್ಕಳೂ ಎಟಿಪಿಯನ್ನು ಜೀವಕೋಶದ ಶಕ್ತಿಯ ನಾಣ್ಯವೆಂದು ಓದುತ್ತಾರೆ. ಆದರೆ ಅದನ್ನು ಹೊರತೆಗೆದವರಲ್ಲಿ ಭೀಮಾವರಂನ ಒಬ್ಬರು ಇದ್ದರೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಅಲ್ಲಿಯವರೆಗೆ ಸ್ನಾಯು ಸಂಕೋಚನಕ್ಕೆ ಲ್ಯಾಕ್ಟಿಕ್ ಆಮ್ಲವೇ ಮೂಲವೆಂದು ನಂಬಲಾಗಿತ್ತು. ಸ್ನಾಯುಗಳ ಕುರಿತ ಸಂಶೋಧನೆಗಾಗಿ ಆರ್ಚಿಬಾಲ್ಡ್ ಹಿಲ್ ಮತ್ತು ಓಟೊ ಮೇಯರ್‌ಹಾಫ್ ಅವರಿಗೆ 1922ನೇ ಸಾಲಿನ ನೊಬೆಲ್ ಕೂಡ ಸಂದಿತ್ತು. 1930ರಲ್ಲಿ ಡೆನ್ಮಾರ್ಕಿನ ಐನಾರ್ ಲುಂಡ್ಸ್‌ಗಾರ್ಡ್, ಲ್ಯಾಕ್ಟಿಕ್ ಆಮ್ಲ ಉತ್ಪಾದನೆಯನ್ನು ಪೂರ್ತಿ ತಡೆದರೂ ಸ್ನಾಯು ಕೆಲಕಾಲ ದುಡಿಯುತ್ತದೆ, ಆಗ ಫಾಸ್ಫೋಕ್ರಿಯೇಟಿನ್ ಖರ್ಚಾಗುತ್ತದೆ ಎಂದು ತೋರಿಸಿದರು. ಹಳೆಯ ಸಿದ್ಧಾಂತ ಅಲ್ಲಿಗೆ ಕುಸಿಯಿತು.

ಪಳಗದ ಸ್ನಾಯುವಿನೊಳಗೆ ಆಗುವುದೇನು?

ಈ ಎರಡು ವಸ್ತುಗಳ ಲೆಕ್ಕ ತಿಳಿದರೆ ಜಿಮ್‌ನ ಮೊದಲ ದಿನದ ಅನುಭವ ಅರ್ಥವಾಗುತ್ತದೆ. ಸ್ನಾಯುವಿನಲ್ಲಿ ಸಿದ್ಧವಾಗಿರುವ ಎಟಿಪಿ ಗರಿಷ್ಠ ಶ್ರಮಕ್ಕೆ ಎರಡು ಮೂರು ಸೆಕೆಂಡು ಮಾತ್ರ ಸಾಕು. ಅದು ಮುಗಿಯದಂತೆ ಫಾಸ್ಫೋಕ್ರಿಯೇಟಿನ್ ತನ್ನ ಫಾಸ್ಫೇಟನ್ನು ಕೊಟ್ಟು ಎಟಿಪಿಯನ್ನು ಮತ್ತೆ ಮತ್ತೆ ಕಟ್ಟುತ್ತದೆ. ಪೂರ್ಣ ಬಲ ಹಾಕಿದರೆ ಈ ದಾಸ್ತಾನಿನ ಬಹುಪಾಲು ಸುಮಾರು 10 ಸೆಕೆಂಡಿಗೆ ಕರಗುತ್ತದೆ. ಆಮೇಲಿನ ಹೊಣೆ ಸಕ್ಕರೆಯ ಅಂಶವನ್ನು ಒಡೆಯುವ ವ್ಯವಸ್ಥೆ ಮತ್ತು ಆಮ್ಲಜನಕ ಬಳಸುವ ಮೈಟೊಕಾಂಡ್ರಿಯಾಗಳದ್ದು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪಳಗಿದ ಓಟಗಾರನ ಸ್ನಾಯುವಿಗೂ ಕುರ್ಚಿಯಲ್ಲಿ ಕುಳಿತು ದುಡಿಯುವವರ ಸ್ನಾಯುವಿಗೂ ಎಟಿಪಿ ದಾಸ್ತಾನಿನಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಖರ್ಚಾದದ್ದನ್ನು ತುಂಬಿಸಿಕೊಳ್ಳುವ ವೇಗದಲ್ಲಿ. ಪಳಗದ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯಾ ಕಡಿಮೆ, ರಕ್ತದ ಸೂಕ್ಷ್ಮನಾಳಗಳೂ ಕಡಿಮೆ. ಹೀಗಾಗಿ ಫಾಸ್ಫೋಕ್ರಿಯೇಟಿನ್ ಬೇಗ ಕುಸಿಯುತ್ತದೆ, ನಿಧಾನವಾಗಿ ಏರುತ್ತದೆ. ಒಡೆದು ಬಿಡುಗಡೆಯಾದ ಫಾಸ್ಫೇಟ್ ಜೀವಕೋಶದೊಳಗೆ ಶೇಖರವಾಗಿ ಸಂಕೋಚನದ ಬಲವನ್ನು ತಗ್ಗಿಸುತ್ತದೆ. ದಣಿವಿಗೆ ಲ್ಯಾಕ್ಟಿಕ್ ಆಮ್ಲಕ್ಕಿಂತ ಈ ಫಾಸ್ಫೇಟ್ ಮುಖ್ಯ ಕಾರಣವೆಂಬುದು ಇತ್ತೀಚಿನ ದಶಕಗಳ ತಿಳಿವಳಿಕೆ. ಸುಬ್ಬರಾವ್ ಅವರ ನೀಲಿ ಬಣ್ಣ ಅಳೆಯುತ್ತಿದ್ದದ್ದೂ ಇದೇ ಫಾಸ್ಫೇಟನ್ನು.

ಎರಡನೇ ದಿನದ ನೋವೇಕೆ?

ವ್ಯಾಯಾಮದ ಮಾರನೆಯ ದಿನ ಶುರುವಾಗಿ ಎರಡು ಮೂರು ದಿನ ಕಾಡುವ ನೋವಿಗೂ ಲ್ಯಾಕ್ಟಿಕ್ ಆಮ್ಲವನ್ನೇ ದೂರುವ ರೂಢಿ ಇನ್ನೂ ಹೋಗಿಲ್ಲ. ವಾಸ್ತವದಲ್ಲಿ ವ್ಯಾಯಾಮ ನಿಲ್ಲಿಸಿದ ಒಂದೆರಡು ಗಂಟೆಗಳಲ್ಲಿ ಅದು ರಕ್ತದಲ್ಲಿ ಸಹಜ ಮಟ್ಟಕ್ಕೆ ಇಳಿದಿರುತ್ತದೆ. ನೋವಿನ ಮೂಲ ಬೇರೆ. ಬಸ್ಕಿಯಲ್ಲಿ ಕೆಳಗಿಳಿಯುವಾಗ ಅಥವಾ ಡಂಬೆಲ್ ಇಳಿಸುವಾಗ ಸ್ನಾಯು ಬಿಗಿಯಾಗಿದ್ದುಕೊಂಡೇ ಹಿಗ್ಗುತ್ತದೆ. ರೂಢಿಯಿಲ್ಲದ ಸ್ನಾಯುವಿನ ಎಳೆಗಳಲ್ಲಿ ಆಗ ಕಣ್ಣಿಗೆ ಕಾಣದಷ್ಟು ಸಣ್ಣ ಹಾನಿಯಾಗುತ್ತದೆ. ಜೀವಕೋಶದ ಪೊರೆ ಅಲ್ಲಲ್ಲಿ ಸೋರುತ್ತದೆ. ರಿಪೇರಿಗಾಗಿ ಬಿಳಿ ರಕ್ತಕಣಗಳು ಬಂದು ಸೇರುತ್ತವೆ. ಊತ, ಬಿಗಿತ, ನೋವು ಅದರ ಭಾಗ.

ಹೀಗೆ ಸೋರಿ ರಕ್ತಕ್ಕೆ ಬರುವ ವಸ್ತುಗಳಲ್ಲಿ ಕ್ರಿಯೇಟಿನ್ ಕೈನೇಸ್ ಎಂಬ ಕಿಣ್ವ ಮುಖ್ಯವಾದುದು. ಫಾಸ್ಫೋಕ್ರಿಯೇಟಿನ್‌ನಿಂದ ಫಾಸ್ಫೇಟ್ ತೆಗೆದು ಎಟಿಪಿ ಕಟ್ಟುವ ಕೆಲಸ ಇದರದ್ದೇ. ವೈದ್ಯರು ರಕ್ತಪರೀಕ್ಷೆಯಲ್ಲಿ ಸಿಕೆ ಅಥವಾ ಸಿಪಿಕೆ ಎಂದು ಬರೆಯುವುದು ಇದನ್ನೇ. ಹೊಸಬರು ಮಿತಿಮೀರಿ ವ್ಯಾಯಾಮ ಮಾಡಿದರೆ ಇದರ ಪ್ರಮಾಣ ಹಲವು ಪಟ್ಟು ಏರುತ್ತದೆ. ತೀರಾ ಅಪರೂಪಕ್ಕೆ ಸ್ನಾಯು ಹೆಚ್ಚು ಒಡೆದು, ಅದರ ವಸ್ತುಗಳು ಮೂತ್ರಪಿಂಡಕ್ಕೆ ಅಪಾಯ ತರುವುದೂ ಉಂಟು. ತಡೆಯಲಾಗದ ನೋವು, ಊತದ ಜೊತೆ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕೊರತೆಯೇ ಬೆಳವಣಿಗೆಯ ಸಂದೇಶ

ಪಳಗದ ಸ್ನಾಯು ಈ ಪೆಟ್ಟಿನಿಂದಲೇ ಕಲಿಯುತ್ತದೆ. ಎಟಿಪಿ ಖರ್ಚಾದಾಗ ಉಳಿಯುವ ಎಎಂಪಿ ಎಂಬ ತುಣುಕು ಹೆಚ್ಚಾದರೆ, ಶಕ್ತಿಯ ಕೊರತೆ ಇದೆಯೆಂದು ಜೀವಕೋಶಕ್ಕೆ ಸೂಚನೆ ಸಿಗುತ್ತದೆ. ಆಗ ಹೊಸ ಮೈಟೊಕಾಂಡ್ರಿಯಾ ಕಟ್ಟುವ ಜೀನ್‌ಗಳು ಚುರುಕಾಗುತ್ತವೆ. 1967ರಲ್ಲಿ ಅಮೆರಿಕದ ಜಾನ್ ಹೊಲೊಸಿ, ವಾರಗಟ್ಟಲೆ ಓಡಿಸಿದ ಇಲಿಗಳ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯಾದ ಸಾಮರ್ಥ್ಯ ಸುಮಾರು ಎರಡು ಪಟ್ಟಾಗಿದ್ದನ್ನು ತೋರಿಸಿದರು. ಹಾನಿಯಾದ ಎಳೆಗಳ ಪಕ್ಕದಲ್ಲಿ ಸುಮ್ಮನಿರುವ ಉಪಗ್ರಹ ಕೋಶಗಳು ಎಚ್ಚೆತ್ತು ರಿಪೇರಿಗೆ ಇಳಿಯುತ್ತವೆ. ಇವುಗಳನ್ನು 1961ರಲ್ಲಿ ಅಲೆಕ್ಸಾಂಡರ್ ಮೌರೊ ಗುರುತಿಸಿದ್ದರು.

ಮೊದಲ ಕೆಲವು ವಾರ ಬಲ ಹೆಚ್ಚುವುದು ಬಹುಮಟ್ಟಿಗೆ ನರಗಳು ಸ್ನಾಯುವನ್ನು ಚೆನ್ನಾಗಿ ದುಡಿಸಲು ಕಲಿಯುವುದರಿಂದ. ತೋಳು ದಪ್ಪವಾಗುವುದು ಆಮೇಲೆ. ಅದೇ ವ್ಯಾಯಾಮವನ್ನು ಒಂದೆರಡು ವಾರ ಬಿಟ್ಟು ಮತ್ತೆ ಮಾಡಿದರೆ ನೋವು ಬಹಳ ಕಡಿಮೆ. ಗರಡಿ ಮನೆಯಲ್ಲಿ ಹೊಸಬರಿಗೆ ಮೊದಲು ಹತ್ತು ಬಸ್ಕಿ, ಆಮೇಲೆ ಇಪ್ಪತ್ತು ಎಂದು ಏರಿಸುತ್ತಾ ಹೋಗುವ ಕ್ರಮಕ್ಕೂ ಈ ವಿಜ್ಞಾನಕ್ಕೂ ಹೊಂದಿಕೆಯಿದೆ.

ಹಾರ್ವರ್ಡ್ ಕೊಡದ ಸ್ಥಾನ

ಸುಬ್ಬರಾವ್ ಅವರಿಗೆ 1930ರಲ್ಲಿ ಪಿಎಚ್‌ಡಿ ಸಿಕ್ಕಿತು. ಆದರೆ ಹಾರ್ವರ್ಡ್‌ನಲ್ಲಿ ಕಾಯಂ ಸ್ಥಾನ ಸಿಗಲಿಲ್ಲ. ಸಂಶೋಧನೆಯ ಕೀರ್ತಿ ಹಿರಿಯರಾದ ಫಿಸ್ಕೆ ಅವರ ಪಾಲಿಗೇ ಹೆಚ್ಚು ಹೋಯಿತು. ತಮ್ಮ ಪಾಲನ್ನು ಎತ್ತಿ ಹೇಳಿಕೊಳ್ಳುವ ಸ್ವಭಾವ ಸುಬ್ಬರಾವ್ ಅವರದ್ದಾಗಿರಲಿಲ್ಲ. ಅವರು ಬೇರ್ಪಡಿಸಿದ್ದ ಕೆಲವು ವಸ್ತುಗಳು ಫಿಸ್ಕೆ ಅವರಿಂದಾಗಿ ಬೆಳಕಿಗೆ ಬರದೆ, ವರ್ಷಗಳ ನಂತರ ಬೇರೆಯವರು ಮತ್ತೆ ಕಂಡುಹಿಡಿಯಬೇಕಾಯಿತು ಎಂದು ಅಲ್ಲಿ ಜೊತೆಗಿದ್ದ, ಮುಂದೆ 1988ರಲ್ಲಿ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್ ನೆನಪಿಸಿಕೊಂಡಿದ್ದಾರೆ.

1940ರಲ್ಲಿ ಸುಬ್ಬರಾವ್ ಹಾರ್ವರ್ಡ್ ಬಿಟ್ಟು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಔಷಧ ಪ್ರಯೋಗಾಲಯ ಸೇರಿದರು. ಬೇಗನೆ ಅಲ್ಲಿನ ಸಂಶೋಧನಾ ವಿಭಾಗದ ಮುಖ್ಯಸ್ಥರಾದರು. ಸೋದರರನ್ನು ಕಳೆದುಕೊಂಡ ದಿನದಿಂದ ಮನಸ್ಸಿನಲ್ಲಿದ್ದ ಕೆಲಸಕ್ಕೆ ಅಲ್ಲಿ ದಾರಿ ತೆರೆಯಿತು.

ಎಂಟು ವರ್ಷ, ನಾಲ್ಕು ಔಷಧಗಳ ಸಾಲು

ಅವರ ತಂಡ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲಿ ತಯಾರಿಸುವಲ್ಲಿ ಯಶಸ್ವಿಯಾಯಿತು. 1945ರಲ್ಲಿ ಪ್ರಕಟವಾದ ಈ ಸಾಧನೆ ಸ್ಪ್ರೂ ರೋಗಿಗಳಿಗೆ ಆಸರೆಯಾಯಿತು. ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲಿ ಇದೇ ಫೋಲಿಕ್ ಆಮ್ಲವಿರುತ್ತದೆ.

ಫೋಲಿಕ್ ಆಮ್ಲದ ಕೆಲಸವನ್ನು ತಡೆಯುವ ವಸ್ತುಗಳನ್ನೂ ತಂಡ ತಯಾರಿಸಿತು. ಅವುಗಳಲ್ಲೊಂದನ್ನು ಬಳಸಿ ಬಾಸ್ಟನ್‌ನ ಮಕ್ಕಳ ವೈದ್ಯ ಸಿಡ್ನಿ ಫಾರ್ಬರ್, ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಂದೆಗೆಯುವುದನ್ನು 1948ರಲ್ಲಿ ವರದಿ ಮಾಡಿದರು. ಕ್ಯಾನ್ಸರಿನ ಔಷಧ ಚಿಕಿತ್ಸೆಯ ಇತಿಹಾಸದಲ್ಲಿ ಇದು ದೊಡ್ಡ ತಿರುವು. ಅದೇ ಗುಂಪಿನ ಮೆಥೊಟ್ರೆಕ್ಸೇಟ್ ಇಂದಿಗೂ ಕ್ಯಾನ್ಸರ್ ಮತ್ತು ಸಂಧಿವಾತಕ್ಕೆ ಬಳಕೆಯಲ್ಲಿದೆ.

ಆನೆಕಾಲು ರೋಗಕ್ಕೆ ಕೊಡುವ ಡಿಇಸಿ ಮಾತ್ರೆಯೂ ಇದೇ ಪ್ರಯೋಗಾಲಯದಿಂದ 1947ರಲ್ಲಿ ಬಂತು. ಕರ್ನಾಟಕದ ಕರಾವಳಿ ಮತ್ತು ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ನುಂಗಿಸಿದ ಮಾತ್ರೆ ಅದೇ. ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಆ್ಯಂಟಿಬಯೋಟಿಕ್ ಆದ ಆರಿಯೊಮೈಸಿನ್ ಅನ್ನು ಅವರ ವಿಭಾಗದಲ್ಲಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್ ಪತ್ತೆ ಮಾಡಿದರು. 1948ರಲ್ಲಿ ಅದರ ಫಲಿತಾಂಶ ಪ್ರಕಟವಾದಾಗಲೂ ಸುಬ್ಬರಾವ್ ಮುಂದೆ ಬಂದು ನಿಲ್ಲಲಿಲ್ಲ.

ಅದೇ ವರ್ಷ ಆಗಸ್ಟ್ ತಿಂಗಳಲ್ಲಿ, 53ನೇ ವಯಸ್ಸಿನಲ್ಲಿ ಅವರು ನಿದ್ದೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಪತ್ನಿ ಶೇಷಗಿರಿ ಕೊನೆಯವರೆಗೂ ಅವರನ್ನು ಮತ್ತೆ ಕಾಣಲಿಲ್ಲ. ಅಮೆರಿಕದಲ್ಲಿ ಎರಡೂವರೆ ದಶಕ ಇದ್ದರೂ ಸುಬ್ಬರಾವ್ ಅಲ್ಲಿನ ಪೌರತ್ವ ಪಡೆದಿರಲಿಲ್ಲ. ಜನ್ಮಶತಮಾನೋತ್ಸವದ ವರ್ಷವಾದ 1995ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ಹೆಸರಿನಲ್ಲಿ ಅಂಚೆಚೀಟಿ ಹೊರತಂದಿತು. ಒಂದು ಶಿಲೀಂಧ್ರಕ್ಕೂ ಅವರ ಗೌರವಾರ್ಥ ಸುಬ್ಬರೊಮೈಸಿಸ್ ಎಂದು ಹೆಸರಿಡಲಾಗಿದೆ.

ಹೊಸಬರು ತಿಳಿದಿರಬೇಕಾದದ್ದು

ಜಿಮ್‌ಗಳಲ್ಲಿ ಡಬ್ಬಿಗಟ್ಟಲೆ ಮಾರಾಟವಾಗುವ ಕ್ರಿಯೇಟಿನ್ ಪುಡಿಯ ಹಿಂದಿರುವುದೂ ಫಾಸ್ಫೋಕ್ರಿಯೇಟಿನ್ ಲೆಕ್ಕವೇ. ಅದು ದಾಸ್ತಾನನ್ನು ಸ್ವಲ್ಪ ಹೆಚ್ಚಿಸಬಲ್ಲದು. ಆದರೆ ಮೈಟೊಕಾಂಡ್ರಿಯಾ ಮತ್ತು ರಕ್ತನಾಳಗಳನ್ನು ಬೆಳೆಸುವುದು ವಾರಗಟ್ಟಲೆ ತಪ್ಪದೆ ಮಾಡುವ ವ್ಯಾಯಾಮ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅದನ್ನು ಸೇವಿಸಬಾರದು.

ಒಂದು ಸುತ್ತಿನ ನಂತರ ಎರಡರಿಂದ ಐದು ನಿಮಿಷ ವಿಶ್ರಾಂತಿ ಪಡೆದರೆ ಫಾಸ್ಫೋಕ್ರಿಯೇಟಿನ್ ಬಹುಪಾಲು ಮರಳಿ ತುಂಬಿಕೊಳ್ಳುತ್ತದೆ. ಹೀಗಾಗಿ ನಡುವೆ ಕುಳಿತುಕೊಳ್ಳುವುದು ಸೋಮಾರಿತನವಲ್ಲ. ಮೊದಲ ವಾರ ಭಾರ ಕಡಿಮೆ ಇರಲಿ, ಅದೇ ಸ್ನಾಯುವಿಗೆ ಒಂದೆರಡು ದಿನ ಬಿಡುವು ಸಿಗಲಿ. 40 ದಾಟಿದವರು, ರಕ್ತದೊತ್ತಡ ಅಥವಾ ಹೃದಯದ ಸಮಸ್ಯೆ ಇರುವವರು ಶುರುಮಾಡುವ ಮುನ್ನ ವೈದ್ಯರ ಸಲಹೆ ಪಡೆಯುವುದು ಒಳ್ಳೆಯದು.